ಚಾರಣದ ಲೆನ್ಸ್ ಜೋಡಣೆಯಲ್ಲಿ ತೂಕವನ್ನು ನಿರ್ಧರಿಸುವುದು ಯಾವುದು? ಪ್ರಕಟಿತ ಅಂಕಿಗಳ ಪರಿಶೀಲನೆ

1. ವ್ಯಾಪ್ತಿ

ಪ್ರವಾಸ ಮತ್ತು ಚಾರಣಕ್ಕೆ ಹಗುರವಾದ ಲೆನ್ಸ್‌ಗಳನ್ನು ಆರಿಸುವಾಗ ಸಾಮಾನ್ಯವಾಗಿ ಮೊದಲು ಚರ್ಚೆಗೆ ಬರುವುದು ಸೆನ್ಸರ್‌ನ ಗಾತ್ರ. ಸೆನ್ಸರ್ ಚಿಕ್ಕದಾದಷ್ಟೂ ಹೊರೆ ಕಡಿಮೆ ಎಂಬುದು ರೂಢಿಯ ತಿಳಿವಳಿಕೆ. ತಯಾರಕರೇ ಪ್ರಕಟಿಸಿರುವ ತೂಕದ ಅಂಕಿಗಳನ್ನು ಒಟ್ಟಿಗಿಟ್ಟು ಈ ತಿಳಿವಳಿಕೆಯನ್ನು ಪರಿಶೀಲಿಸುವುದು ಇಲ್ಲಿನ ಉದ್ದೇಶ. ಮುಖ್ಯ ಉದಾಹರಣೆಯಾಗಿ ಮೈಕ್ರೋ ಫೋರ್ ಥರ್ಡ್ಸ್ ವ್ಯವಸ್ಥೆಯನ್ನು ತೆಗೆದುಕೊಳ್ಳಲಾಗಿದೆ. ಒಲಿಂಪಸ್ ಮತ್ತು ಪ್ಯಾನಾಸೋನಿಕ್ ಕಂಪನಿಗಳು ಇದನ್ನು 2008ರ ಆಗಸ್ಟ್‌ನಲ್ಲಿ ಜಂಟಿಯಾಗಿ ಪ್ರಕಟಿಸಿದವು. ಒಂದೇ ಸಂಗಮದೂರದ ವ್ಯಾಪ್ತಿಗೆ ಬೇರೆ ಬೇರೆ ಅಪರ್ಚರ್‌ನ ಲೆನ್ಸ್‌ಗಳು ಇದರಲ್ಲಿ ದೊರೆಯುವುದರಿಂದ ಹೋಲಿಕೆ ಸುಲಭವಾಗುತ್ತದೆ. ಅಗತ್ಯವಿದ್ದೆಡೆ ಫುಲ್ ಫ್ರೇಮ್ ಲೆನ್ಸ್‌ಗಳನ್ನೂ ಎದುರಿಗಿಡಲಾಗಿದೆ. ಚಿತ್ರದ ಗುಣಮಟ್ಟ ಮತ್ತು ಬೆಲೆ ಈ ಟಿಪ್ಪಣಿಯ ವ್ಯಾಪ್ತಿಗೆ ಸೇರಿಲ್ಲ.

2. ಅಂಕಿಗಳನ್ನು ಓದುವಲ್ಲಿನ ತೊಡಕುಗಳು

2.1. ಕ್ಯಾಮೆರಾದ ತೂಕವನ್ನು ಎರಡು ಬಗೆಯಲ್ಲಿ ಪ್ರಕಟಿಸುವ ರೂಢಿಯಿದೆ: ಬ್ಯಾಟರಿ ಮತ್ತು ಮೆಮೊರಿ ಕಾರ್ಡ್ ಸೇರಿಸಿ, ಅಥವಾ ಅವೆರಡನ್ನೂ ಬಿಟ್ಟು. 2022ರ ಒಎಂ-5 ಕ್ಯಾಮೆರಾಕ್ಕೆ ಈ ಅಂಕಿಗಳು ಕ್ರಮವಾಗಿ 414 ಗ್ರಾಂ ಮತ್ತು 366 ಗ್ರಾಂ. ಕ್ಯಾನನ್ ಆರ್8ಕ್ಕೆ 461 ಗ್ರಾಂ ಮತ್ತು 414 ಗ್ರಾಂ. 414 ಎಂಬ ಅಂಕಿ ಎರಡೂ ಕಡೆ ಬರುತ್ತದೆ. ಮೊದಲನೆಯದರಲ್ಲಿ ಅದು ಬ್ಯಾಟರಿ ಸಹಿತ, ಎರಡನೆಯದರಲ್ಲಿ ಬ್ಯಾಟರಿ ರಹಿತ. ಅಡಿಟಿಪ್ಪಣಿಯನ್ನು ನೋಡದೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಕ್ಯಾಮೆರಾಗಳು ಸಮತೂಕದವೆಂದು ಕಾಣುತ್ತವೆ. ಒಂದೇ ಬಗೆಯಲ್ಲಿ ಲೆಕ್ಕ ಹಾಕಿದರೆ ವ್ಯತ್ಯಾಸ 47 ಅಥವಾ 48 ಗ್ರಾಂ. ಈ ಟಿಪ್ಪಣಿಯಲ್ಲಿ ಕ್ಯಾಮೆರಾದ ತೂಕವೆಂದರೆ ಎಲ್ಲೆಡೆಯೂ ಬ್ಯಾಟರಿ ಮತ್ತು ಕಾರ್ಡ್ ಸಹಿತ ತೂಕ.

2.2. ಲೆನ್ಸ್‌ನ ಪ್ರಕಟಿತ ತೂಕದಲ್ಲಿ ಮುಚ್ಚಳ ಮತ್ತು ಹುಡ್ ಸಾಮಾನ್ಯವಾಗಿ ಸೇರಿರುವುದಿಲ್ಲ. ಚಾರಣಿಗ ಇವನ್ನೂ ಹೊರಬೇಕಾಗುವುದರಿಂದ ಬೆನ್ನುಚೀಲದಲ್ಲಿರುವ ತೂಕ ಪ್ರಕಟಿತ ಮೊತ್ತಕ್ಕಿಂತ ಯಾವಾಗಲೂ ಸ್ವಲ್ಪ ಹೆಚ್ಚು.

2.3. ಟ್ರೈಪಾಡ್ ಕಾಲರ್ ಇರುವ ಲೆನ್ಸ್‌ಗಳಿಗೆ ಎರಡು ಅಂಕಿಗಳಿರುತ್ತವೆ. 2014ರ ಒಲಿಂಪಸ್ 40-150 ಮಿ.ಮೀ. ಎಫ್/2.8 ಪ್ರೊ ಲೆನ್ಸ್ ಕಾಲರ್ ಸಹಿತ 880 ಗ್ರಾಂ, ಕಾಲರ್ ರಹಿತ 760 ಗ್ರಾಂ. ಈ 120 ಗ್ರಾಂ ವ್ಯತ್ಯಾಸ ಕೆಲವು ಇಡೀ ಲೆನ್ಸ್‌ಗಳ ತೂಕಕ್ಕಿಂತ ಹೆಚ್ಚು. 2013ರ ಪ್ಯಾನಾಸೋನಿಕ್ 12-32 ಮಿ.ಮೀ. ಜೂಮ್ ಸುಮಾರು 70 ಗ್ರಾಂ ಮಾತ್ರ.

2.4. ಹೆಸರಿನ ವಿಷಯದಲ್ಲೂ ಎಚ್ಚರ ಬೇಕು. ಒಲಿಂಪಸ್‌ನ ಕ್ಯಾಮೆರಾ ವಿಭಾಗ 2021ರ ಜನವರಿ 1ರಂದು ಒಎಂ ಡಿಜಿಟಲ್ ಸೊಲ್ಯೂಷನ್ಸ್ ಎಂಬ ಪ್ರತ್ಯೇಕ ಕಂಪನಿಯಾಯಿತು. ಆದ್ದರಿಂದ 2020ರ 12-45 ಮಿ.ಮೀ. ಎಫ್/4 ಒಲಿಂಪಸ್ ಹೆಸರಿನಲ್ಲೂ 2022ರ 40-150 ಮಿ.ಮೀ. ಎಫ್/4 ಒಎಂ ಸಿಸ್ಟಮ್ ಹೆಸರಿನಲ್ಲೂ ಬಂದವು. ಸರಣಿ ಒಂದೇ. ಮುಂದೆ ಎರಡಕ್ಕೂ ಅನುಕೂಲಕ್ಕಾಗಿ ಒಲಿಂಪಸ್ ಎಂದೇ ಬರೆಯಲಾಗಿದೆ.

2.5. 12-40 ಮಿ.ಮೀ. ಎಫ್/2.8 ಪ್ರೊ (2013) ಮತ್ತು 40-150 ಮಿ.ಮೀ. ಎಫ್/4 ಪ್ರೊ (2022) ಎರಡಕ್ಕೂ ಪ್ರಕಟಿತ ತೂಕ 382 ಗ್ರಾಂ. ಪಟ್ಟಿಯಲ್ಲಿ ಇದನ್ನು ಕಂಡವರು ನಕಲಿನ ದೋಷವೆಂದು ಶಂಕಿಸಬಹುದು. ಇದು ದೋಷವಲ್ಲ, ಕಾಕತಾಳೀಯ.

3. ಹೋಲಿಕೆಯ ಆಧಾರ

ಸಂಗಮದೂರವನ್ನು ಎಫ್ ಸಂಖ್ಯೆಯಿಂದ ಭಾಗಿಸಿದಾಗ ಬರುವುದು ಲೆನ್ಸ್‌ನೊಳಕ್ಕೆ ಬೆಳಕನ್ನು ಬಿಡುವ ಕಿಂಡಿಯ ವ್ಯಾಸ, ಅಂದರೆ ಲೆನ್ಸ್‌ನ ಮುಂಭಾಗದಿಂದ ನೋಡಿದಾಗ ಅಪರ್ಚರ್ ಕಾಣಿಸುವ ಗಾತ್ರ. ಇದನ್ನು ಇಲ್ಲಿ ಪ್ರವೇಶರಂಧ್ರ ಎಂದು ಕರೆಯಲಾಗಿದೆ. 150 ಮಿ.ಮೀ. ಎಫ್/2.8ಕ್ಕೆ ಇದು 53.6 ಮಿ.ಮೀ.; 300 ಮಿ.ಮೀ. ಎಫ್/5.6ಕ್ಕೂ ಅಷ್ಟೇ.

ಮೈಕ್ರೋ ಫೋರ್ ಥರ್ಡ್ಸ್ ಸೆನ್ಸರ್‌ನ ಕರ್ಣ ಸುಮಾರು 21.6 ಮಿ.ಮೀ., ಫುಲ್ ಫ್ರೇಮ್‌ನದು ಸುಮಾರು 43.3 ಮಿ.ಮೀ. ಆದ್ದರಿಂದ ಮೊದಲನೆಯದರಲ್ಲಿ 150 ಮಿ.ಮೀ. ಲೆನ್ಸ್ ಕೊಡುವ ನೋಟದ ಕೋನವನ್ನು ಎರಡನೆಯದರಲ್ಲಿ 300 ಮಿ.ಮೀ. ಕೊಡುತ್ತದೆ. ಇದು ಕರ್ಣದ ಲೆಕ್ಕ. ಒಂದರ ಚೌಕಟ್ಟು 4:3, ಇನ್ನೊಂದರದು 3:2 ಇರುವುದರಿಂದ ಅಡ್ಡ ಅಳತೆಯಲ್ಲಿ ಹೋಲಿಕೆ ಪೂರ್ತಿ ಸರಿಹೊಂದುವುದಿಲ್ಲ.

ನೋಟದ ಕೋನ, ಪ್ರವೇಶರಂಧ್ರ ಮತ್ತು ಶಟರ್ ಅವಧಿ ಈ ಮೂರೂ ಸಮನಾಗಿದ್ದರೆ ಒಂದೇ ದೃಶ್ಯದಿಂದ ಎರಡೂ ಸೆನ್ಸರ್‌ಗಳು ಪಡೆಯುವ ಒಟ್ಟು ಬೆಳಕು ಸರಿಸುಮಾರು ಸಮ. ಎಫ್ ಸಂಖ್ಯೆಯನ್ನಷ್ಟೇ ನೋಡಿ ಒಂದನ್ನು ವೇಗದ ಲೆನ್ಸ್, ಇನ್ನೊಂದನ್ನು ನಿಧಾನದ ಲೆನ್ಸ್ ಎಂದು ತೂಗುವುದಕ್ಕಿಂತ ಪ್ರವೇಶರಂಧ್ರವನ್ನು ಆಧಾರವಾಗಿ ಇಟ್ಟುಕೊಳ್ಳುವುದು ಹೆಚ್ಚು ನ್ಯಾಯವಾದ ಹೋಲಿಕೆ.

4. ಒಂದೇ ವ್ಯಾಪ್ತಿ, ಮೂರು ಲೆನ್ಸ್‌ಗಳು

40-150 ಮಿ.ಮೀ. ವ್ಯಾಪ್ತಿಗೆ ಒಲಿಂಪಸ್ ಸರಣಿಯಲ್ಲಿರುವ ಮೂರು ಲೆನ್ಸ್‌ಗಳ ವಿವರ ಹೀಗಿದೆ. ಪ್ರವೇಶರಂಧ್ರ 150 ಮಿ.ಮೀ. ತುದಿಯದು.

ಎಫ್/4-5.6 ಆರ್ (2011): ಪ್ರವೇಶರಂಧ್ರ 26.8 ಮಿ.ಮೀ.; ಫಿಲ್ಟರ್ ಅಳತೆ 58 ಮಿ.ಮೀ.; 13 ಗಾಜುಗಳು; 190 ಗ್ರಾಂ.
ಎಫ್/4 ಪ್ರೊ (2022): 37.5 ಮಿ.ಮೀ.; 62 ಮಿ.ಮೀ.; 15 ಗಾಜುಗಳು; 382 ಗ್ರಾಂ.
ಎಫ್/2.8 ಪ್ರೊ (2014): 53.6 ಮಿ.ಮೀ.; 72 ಮಿ.ಮೀ.; 16 ಗಾಜುಗಳು; ಕಾಲರ್ ರಹಿತ 760 ಗ್ರಾಂ.

ತೂಕವನ್ನು ಪ್ರವೇಶರಂಧ್ರದ ವ್ಯಾಸದ ವರ್ಗದಿಂದ ಭಾಗಿಸಿದರೆ ಕ್ರಮವಾಗಿ 0.265, 0.272 ಮತ್ತು 0.265 ಬರುತ್ತದೆ, ಏಕಮಾನ ಚದರ ಮಿ.ಮೀ.ಗೆ ಗ್ರಾಂ. ಎಫ್/5.6 ಮತ್ತು ಎಫ್/2.8 ದುಂಡುಗೊಳಿಸಿದ ಸಂಖ್ಯೆಗಳು. ಸ್ಟಾಪ್ ಸರಣಿಯ ಗಣಿತದ ಪ್ರಕಾರ ಅವು 5.657 ಮತ್ತು 2.828. ಇವನ್ನು ಬಳಸಿದರೆ ಅನುಪಾತಗಳು 0.270, 0.272, 0.270 ಆಗುತ್ತವೆ. ರಂಧ್ರದ ವ್ಯಾಸ ಎರಡರಷ್ಟಾದಾಗ ತೂಕ ನಾಲ್ಕರಷ್ಟಾಗಿದೆ. ಎಲ್ಲ ಅಳತೆಗಳೂ ಒಂದೇ ಪ್ರಮಾಣದಲ್ಲಿ ಹಿಗ್ಗಿದ್ದರೆ ತೂಕ ಎಂಟರಷ್ಟಾಗಿ 1,520 ಗ್ರಾಂ ಮುಟ್ಟಬೇಕಿತ್ತು. ಹಾಗಾಗದಿರುವುದಕ್ಕೆ ಒಂದು ಸಂಭಾವ್ಯ ಕಾರಣವೆಂದರೆ ಸಂಗಮದೂರ ಮತ್ತು ಸೆನ್ಸರ್‌ನ ಗಾತ್ರ ಬದಲಾಗಿಲ್ಲ. ಹಿಂಬದಿಯ ಗಾಜುಗಳು ಮುಂಬದಿಯವುಗಳಷ್ಟು ಬೆಳೆಯಬೇಕಾದ ಅಗತ್ಯವಿಲ್ಲ.

ಈ ಹೊಂದಾಣಿಕೆ ಗಮನಾರ್ಹವಾದರೂ ಇದನ್ನು ನಿಯಮವೆನ್ನಲು ಮೂರು ಬಿಂದುಗಳು ಸಾಲವು. ಮೂರು ಲೆನ್ಸ್‌ಗಳ ರಚನೆಯೂ ಬೇರೆ ಬೇರೆ. ಎಫ್/2.8 ಲೆನ್ಸ್ ಜೂಮ್ ಮಾಡಿದಾಗ ಉದ್ದವಾಗುವುದಿಲ್ಲ, ಅದರ ಉದ್ದ 160 ಮಿ.ಮೀ. ಎಫ್/4 ಲೆನ್ಸ್ ಮಡಿಸಿದಾಗ 99.4 ಮಿ.ಮೀ. ಆರ್ ಲೆನ್ಸ್ 83 ಮಿ.ಮೀ., ಅದಕ್ಕೆ ಮಳೆಯಿಂದ ರಕ್ಷಣೆಯ ಸೀಲುಗಳಿಲ್ಲ. ಕಾಲರ್ ಸೇರಿಸಿ 880 ಗ್ರಾಂ ಎಂದು ತೆಗೆದುಕೊಂಡರೆ ಮೂರನೆಯ ಅನುಪಾತ 0.307ಕ್ಕೆ ಏರಿ ಹೊಂದಾಣಿಕೆ ಸಡಿಲವಾಗುತ್ತದೆ.

5. ಇತರ ಟೆಲಿ ಜೂಮ್‌ಗಳು

5.1. ಮೊದಲು, 53.6 ಮಿ.ಮೀ. ಪ್ರವೇಶರಂಧ್ರವುಳ್ಳ ಫುಲ್ ಫ್ರೇಮ್ 70-300 ಮಿ.ಮೀ. ಲೆನ್ಸ್‌ಗಳು. ಕ್ಯಾನನ್ ಇಎಫ್ ಎಫ್/4-5.6 ಐಎಸ್ 2 (2016): 710 ಗ್ರಾಂ, ಅನುಪಾತ 0.247. ನಿಕಾನ್ ಎಎಫ್-ಪಿ ಎಫ್/4.5-5.6 ಇ (2017): 680 ಗ್ರಾಂ, 0.237. ಸೋನಿ ಎಫ್‌ಇ ಎಫ್/4.5-5.6 ಜಿ (2016): 854 ಗ್ರಾಂ, 0.298. ಸೆನ್ಸರ್‌ನ ಕರ್ಣ ಎರಡರಷ್ಟು ಬದಲಾದರೂ ತೂಕ ಒಲಿಂಪಸ್‌ನ 760 ಗ್ರಾಂ ಸುತ್ತಮುತ್ತಲೇ ನಿಂತಿದೆ.

ಇಲ್ಲಿ ಎರಡು ತಿದ್ದುಪಡಿಗಳು ಬೇಕು. ಈ ಮೂರರಲ್ಲೂ ಕಂಪನ ನಿಯಂತ್ರಣ ಲೆನ್ಸ್‌ನೊಳಗಿದೆ. ಒಲಿಂಪಸ್‌ನಲ್ಲಿ ಅದು ಕ್ಯಾಮೆರಾದೊಳಗಿದೆ. ಕ್ಯಾನನ್ ಮತ್ತು ನಿಕಾನ್ ಲೆನ್ಸ್‌ಗಳು ಎಸ್‌ಎಲ್‌ಆರ್ ಕ್ಯಾಮೆರಾಗಳಿಗಾಗಿ ರೂಪುಗೊಂಡವು. ಮಿರರ್‌ಲೆಸ್ ಕ್ಯಾಮೆರಾಕ್ಕೆ ಕೂರಿಸಲು ಅಡಾಪ್ಟರ್ ಬೇಕು. ಕ್ಯಾನನ್‌ನ ಸಾದಾ ಅಡಾಪ್ಟರ್ 110 ಗ್ರಾಂ, ನಿಕಾನ್ ಎಫ್‌ಟಿಜೆಡ್ 2 ಅಡಾಪ್ಟರ್ 125 ಗ್ರಾಂ. ಅವನ್ನು ಕೂಡಿಸಿದರೆ ಮೊತ್ತಗಳು 820 ಮತ್ತು 805 ಗ್ರಾಂ.

5.2. ಅನುಪಾತ ಇಷ್ಟು ಬಿಗಿಯಾಗಿ ನಿಲ್ಲದ ಲೆನ್ಸ್‌ಗಳನ್ನೂ ದಾಖಲಿಸುವುದು ಅಗತ್ಯ. ಪ್ಯಾನಾಸೋನಿಕ್ 35-100 ಮಿ.ಮೀ. ಎಫ್/4-5.6 (2014) 135 ಗ್ರಾಂ, ಅನುಪಾತ 0.423. ಅದೇ ವ್ಯಾಪ್ತಿಯ ಎಫ್/2.8 (2012) 360 ಗ್ರಾಂ, 0.282. ಒಲಿಂಪಸ್ 75-300 ಮಿ.ಮೀ. ಎಫ್/4.8-6.7ರ ಎರಡನೆಯ ಆವೃತ್ತಿ 423 ಗ್ರಾಂ, 0.211. ಪ್ಯಾನಾಸೋನಿಕ್ 100-300 ಮಿ.ಮೀ. ಎಫ್/4-5.6 520 ಗ್ರಾಂ, 0.181. ಹೀಗಾಗಿ ನಾಲ್ಕನೆಯ ವಿಭಾಗದಲ್ಲಿ ಕಂಡ ನಿಖರತೆಯಲ್ಲಿ ಆಕಸ್ಮಿಕದ ಪಾಲೂ ಇರಬೇಕು. ತೀರಾ ಚಿಕ್ಕ ಲೆನ್ಸ್‌ನಲ್ಲಿ ಮೌಂಟ್, ಮೋಟಾರ್ ಮತ್ತು ಹೊರಕವಚದ ಪಾಲು ಹೆಚ್ಚಾಗುವುದರಿಂದ ಅನುಪಾತ ಏರುತ್ತದೆ ಎಂದು ಊಹಿಸಬಹುದು. ಒಂದೇ ರಂಧ್ರಕ್ಕೆ ಸಂಗಮದೂರ ಹೆಚ್ಚಾದಾಗ, ಅಂದರೆ ಎಫ್ ಸಂಖ್ಯೆ ದೊಡ್ಡದಾದಾಗ, ಅದು ಇಳಿಯುವಂತೆ ಕಾಣುತ್ತದೆ.

ಆದರೂ ಒಂದು ಮಾತು ಉಳಿಯುತ್ತದೆ. ಇಲ್ಲಿನ ಟೆಲಿ ಜೂಮ್‌ಗಳಲ್ಲಿ ಒಂದೇ ವ್ಯಾಪ್ತಿಯ ಲೆನ್ಸ್‌ಗಳನ್ನು ಹೋಲಿಸಿದಾಗಲೆಲ್ಲ ರಂಧ್ರ ಹಿರಿದಾದದ್ದೇ ಭಾರವಾದದ್ದು. ಇದಕ್ಕೆ ಅಪವಾದ ಈ ಪಟ್ಟಿಯಲ್ಲಿಲ್ಲ.

6. ಸ್ಟ್ಯಾಂಡರ್ಡ್ ಜೂಮ್‌ಗಳು

ವೈಡ್‌ನಿಂದ ಸಣ್ಣ ಟೆಲಿವರೆಗಿನ ಜೂಮ್‌ಗಳಲ್ಲಿ ಪ್ರವೇಶರಂಧ್ರಗಳು ಚಿಕ್ಕವು. ಅನುಪಾತಗಳೂ ಬೇರೆಯೇ ಶ್ರೇಣಿಯಲ್ಲಿವೆ. ಒಲಿಂಪಸ್ 12-45 ಮಿ.ಮೀ. ಎಫ್/4 254 ಗ್ರಾಂ, ರಂಧ್ರ 11.3 ಮಿ.ಮೀ., ಅನುಪಾತ ಸುಮಾರು 2.0. 12-40 ಮಿ.ಮೀ. ಎಫ್/2.8 382 ಗ್ರಾಂ, ರಂಧ್ರ 14.3 ಮಿ.ಮೀ., ಅನುಪಾತ ಸುಮಾರು 1.9. ಟೆಲಿಗಳಿಗೆ ಹೋಲಿಸಿದರೆ ಇದು ಏಳರಷ್ಟು. ಇಲ್ಲಿ ತೂಕದ ಹೆಚ್ಚಿನ ಭಾಗ ವ್ಯಯವಾಗುವುದು ಅಗಲ ನೋಟದ ದೋಷಗಳನ್ನು ತಿದ್ದುವ ಗಾಜುಗಳಿಗೆ ಮತ್ತು ಯಂತ್ರಭಾಗಗಳಿಗೆ ಎಂದು ತೋರುತ್ತದೆ.

ಈ ಗುಂಪಿನಲ್ಲೂ ಸೆನ್ಸರ್‌ಗಳ ನಡುವಿನ ಅಂತರ ನಿರೀಕ್ಷೆಗಿಂತ ಕಡಿಮೆ. ಕ್ಯಾನನ್ ಆರ್‌ಎಫ್ 24-105 ಮಿ.ಮೀ. ಎಫ್/4-7.1 ಫುಲ್ ಫ್ರೇಮ್ ಲೆನ್ಸ್. ಅದರ ಟೆಲಿ ತುದಿಯ ರಂಧ್ರ 14.8 ಮಿ.ಮೀ., ತೂಕ 395 ಗ್ರಾಂ. ಒಲಿಂಪಸ್ 12-40 ಎಫ್/2.8ಕ್ಕೆ ಈ ಅಂಕಿಗಳು 14.3 ಮತ್ತು 382. ಎಫ್ ಸಂಖ್ಯೆಗಳಲ್ಲಿ ತುಂಬ ದೂರವಿರುವ ಎರಡು ಲೆನ್ಸ್‌ಗಳು ರಂಧ್ರದಲ್ಲೂ ತೂಕದಲ್ಲೂ ನೆರೆಹೊರೆಯಲ್ಲಿವೆ. ಆದರೆ ವೈಡ್ ತುದಿಯಲ್ಲಿ ಇವು ಸಮನಲ್ಲ: 24 ಮಿ.ಮೀ. ಎಫ್/4ಕ್ಕೆ ರಂಧ್ರ 6 ಮಿ.ಮೀ., 12 ಮಿ.ಮೀ. ಎಫ್/2.8ಕ್ಕೆ 4.3 ಮಿ.ಮೀ.

7. ಕಾಲ ಮತ್ತು ವಿನ್ಯಾಸ

7.1. ರಂಧ್ರ ಒಂದೇ ಇದ್ದರೂ ಕಾಲಕ್ರಮದಲ್ಲಿ ತೂಕ ಇಳಿದಿರುವುದಕ್ಕೆ ಸ್ಪಷ್ಟ ದಾಖಲೆಗಳಿವೆ. ಸೋನಿಯ 24-70 ಮಿ.ಮೀ. ಎಫ್/2.8 ಜಿಎಂ 2016ರಲ್ಲಿ 886 ಗ್ರಾಂ ಇತ್ತು. 2022ರ ಎರಡನೆಯ ಆವೃತ್ತಿ 695 ಗ್ರಾಂ. 70-200 ಮಿ.ಮೀ. ಎಫ್/2.8 ಜಿಎಂ 1,480 ಗ್ರಾಂನಿಂದ 2021ರ ಆವೃತ್ತಿಯಲ್ಲಿ 1,045 ಗ್ರಾಂಗೆ ಇಳಿಯಿತು. ಎರಡೂ ಅಂಕಿಗಳು ಟ್ರೈಪಾಡ್ ಮೌಂಟ್ ರಹಿತ. ಮುಖ್ಯ ಅಂಶ ರಂಧ್ರವೇ ಆದರೂ ಏಕೈಕ ಅಂಶ ಅದಲ್ಲ ಎಂಬುದಕ್ಕೆ ಇವು ಸಾಕ್ಷಿ.

7.2. ಹೊರಕವಚದ ಪಾತ್ರಕ್ಕೆ ಪ್ಯಾನಾಸೋನಿಕ್ 20 ಮಿ.ಮೀ. ಎಫ್/1.7 ಒಳ್ಳೆಯ ಉದಾಹರಣೆ. 2009ರ ಆವೃತ್ತಿ 100 ಗ್ರಾಂ, 2013ರ ಎರಡನೆಯ ಆವೃತ್ತಿ 87 ಗ್ರಾಂ. ಗಾಜಿನ ರಚನೆ ಎರಡರಲ್ಲೂ ಅದೇ: 5 ಗುಂಪುಗಳಲ್ಲಿ 7 ಗಾಜುಗಳು. ಹೊಸದರ ಹೊರಕವಚ ಲೋಹದ್ದು, ಆದರೂ ಅದೇ ಹಗುರ. ಲೋಹವೆಂದರೆ ಭಾರ ಎಂಬ ಊಹೆ ಇಲ್ಲಿ ನಿಲ್ಲುವುದಿಲ್ಲ.

7.3. ರಂಧ್ರವನ್ನು ಕಿರಿದುಗೊಳಿಸಿ ತೂಕ ಉಳಿಸುವ ಕ್ರಮ ಹೊಸದಲ್ಲ. ಲೈಕಾ ಕ್ಯಾಮೆರಾದ ಮೂಲವೇ ಹೊರೆಯನ್ನು ಇಳಿಸುವ ಪ್ರಯತ್ನದಲ್ಲಿದೆ. ಆಸ್ಕರ್ ಬಾರ್ನಾಕ್ ರೂಪಿಸಿದ ಮೂಲ ಮಾದರಿಗೆ ಹಳೆಯ ಬರಹಗಳಲ್ಲಿ 1913 ಎಂಬ ವರ್ಷವೂ ಕಾಣುತ್ತದೆ. ತಯಾರಕ ಸಂಸ್ಥೆ ಒಪ್ಪಿ ಶತಮಾನೋತ್ಸವ ಆಚರಿಸಿದ್ದು 1914ನ್ನು ಆಧರಿಸಿ, 2014ರಲ್ಲಿ. ಕ್ಯಾಮೆರಾ ಸಾರ್ವಜನಿಕರ ಮುಂದೆ ಬಂದದ್ದು 1925ರ ಲೈಪ್‌ಜಿಗ್ ವಸಂತ ಮೇಳದಲ್ಲಿ. ಲೆನ್ಸ್ ಬದಲಾಯಿಸುವ ಅನುಕೂಲ ಬಂದ ಬಳಿಕ 1931ರಲ್ಲಿ 90 ಮಿ.ಮೀ. ಎಫ್/4 ಎಲ್ಮಾರ್, 1932ರಲ್ಲಿ 105 ಮಿ.ಮೀ. ಎಫ್/6.3 ಎಲ್ಮಾರ್ ಬಂದವು. ಎರಡನೆಯದು ಪರ್ವತಾರೋಹಿಗಳನ್ನೂ ಚಾರಣಿಗರನ್ನೂ ಉದ್ದೇಶಿಸಿದ ಲೆನ್ಸ್. ಸಂಗ್ರಾಹಕರಲ್ಲಿ ಬರ್ಗ್ ಎಲ್ಮಾರ್ ಎಂದೇ ಪರಿಚಿತ. ಮೊದಲನೆಯದರ ರಂಧ್ರ 22.5 ಮಿ.ಮೀ., ಎರಡನೆಯದರದು 16.7 ಮಿ.ಮೀ. ಸಂಗಮದೂರ ಹೆಚ್ಚಿದರೂ ರಂಧ್ರದ ವಿಸ್ತೀರ್ಣ ಶೇ. 55ಕ್ಕೆ ಇಳಿದಿದೆ.

8. ಜೋಡಣೆಗಳ ಮೊತ್ತ

ಅ ಇಂದ ಉ ವರೆಗಿನ ಜೋಡಣೆಗಳಲ್ಲಿ ಕ್ಯಾಮೆರಾ ಒಎಂ-5, 414 ಗ್ರಾಂ. ಮುಚ್ಚಳ ಮತ್ತು ಹುಡ್ ಸೇರಿಲ್ಲ.

ಅ. ಪ್ಯಾನಾಸೋನಿಕ್ 12-32 (70), 35-100 ಎಫ್/4-5.6 (135), 20 ಎಫ್/1.7ರ ಎರಡನೆಯ ಆವೃತ್ತಿ (87): ಲೆನ್ಸ್‌ಗಳು 292, ಒಟ್ಟು 706 ಗ್ರಾಂ.
ಆ. ಒಲಿಂಪಸ್ 12-45 ಎಫ್/4 (254), 40-150 ಎಫ್/4-5.6 ಆರ್ (190): ಲೆನ್ಸ್‌ಗಳು 444, ಒಟ್ಟು 858 ಗ್ರಾಂ.
ಇ. ಒಲಿಂಪಸ್ 12-100 ಎಫ್/4 (561) ಒಂದೇ: ಒಟ್ಟು 975 ಗ್ರಾಂ.
ಈ. 12-45 ಎಫ್/4 (254), 40-150 ಎಫ್/4 (382): ಲೆನ್ಸ್‌ಗಳು 636, ಒಟ್ಟು 1,050 ಗ್ರಾಂ.
ಉ. 12-40 ಎಫ್/2.8 (382), 40-150 ಎಫ್/2.8 ಕಾಲರ್ ಸಹಿತ (880): ಲೆನ್ಸ್‌ಗಳು 1,262, ಒಟ್ಟು 1,676 ಗ್ರಾಂ, ಕಾಲರ್ ಬಿಟ್ಟರೆ 1,556.
ಊ. ಹೋಲಿಕೆಗೆ ಫುಲ್ ಫ್ರೇಮ್: ಕ್ಯಾನನ್ ಆರ್8 (461), ಆರ್‌ಎಫ್ 24-105 ಎಫ್/4-7.1 (395), ಆರ್‌ಎಫ್ 100-400 ಎಫ್/5.6-8 (635): ಒಟ್ಟು 1,491 ಗ್ರಾಂ.

ಈ ಮೊತ್ತಗಳಿಂದ ಮೂರು ಅಂಶಗಳು ಹೊರಡುತ್ತವೆ.

ಮೊದಲನೆಯದು, ಆ ಮತ್ತು ಉ ಜೋಡಣೆಗಳ ಅಂತರ 818 ಗ್ರಾಂ. ಇದರಲ್ಲಿ ಟೆಲಿ ಜೂಮ್‌ನ ಪಾಲು 690 ಗ್ರಾಂ, ಅಂದರೆ ಶೇ. 84. ಸ್ಟ್ಯಾಂಡರ್ಡ್ ಜೂಮ್‌ನ ಪಾಲು 128 ಗ್ರಾಂ ಮಾತ್ರ.

ಎರಡನೆಯದು, ಊ ಜೋಡಣೆ ಉ ಜೋಡಣೆಗಿಂತ ಹಗುರ. ಟೆಲಿ ತುದಿಯ ರಂಧ್ರಗಳು 50 ಮತ್ತು 53.6 ಮಿ.ಮೀ., ಅಂದರೆ ಹತ್ತಿರದವು. ಚಿಕ್ಕ ಸೆನ್ಸರ್ ಆರಿಸಿಯೂ ದೊಡ್ಡ ರಂಧ್ರದ ಲೆನ್ಸ್‌ಗಳನ್ನು ತೆಗೆದುಕೊಂಡರೆ ತೂಕದ ಲಾಭ ಉಳಿಯದಿರಬಹುದು. ಆದರೆ ಅ ಮತ್ತು ಆ ಜೋಡಣೆಗಳಷ್ಟು ಕಿರಿದಾದ ರಂಧ್ರದ ಲೆನ್ಸ್‌ಗಳು ಫುಲ್ ಫ್ರೇಮ್‌ನಲ್ಲಿ ವಿರಳ. ಚಿಕ್ಕ ಸೆನ್ಸರ್‌ನ ನಿಜವಾದ ಅನುಕೂಲ ಇರುವುದು ಇಲ್ಲಿ ಎಂದು ತೋರುತ್ತದೆ.

ಮೂರನೆಯದು, ಒಂದೇ ಲೆನ್ಸ್ ಒಯ್ದರೆ ಹಗುರ ಎಂಬುದು ಎಲ್ಲ ಸಂದರ್ಭಗಳಲ್ಲೂ ನಿಜವಲ್ಲ. 12-100 ಎಫ್/4 ಒಂದೇ 561 ಗ್ರಾಂ. ‘ಆ’ ಜೋಡಣೆಯ ಎರಡು ಲೆನ್ಸ್‌ಗಳು ಸೇರಿ 444 ಗ್ರಾಂ, ಮೇಲಾಗಿ 150 ಮಿ.ಮೀ.ವರೆಗೆ ಮುಟ್ಟುತ್ತವೆ. ಟೆಲಿ ತುದಿಯ ರಂಧ್ರ ಎರಡರಲ್ಲೂ ಹತ್ತಿರ: 25 ಮತ್ತು 26.8 ಮಿ.ಮೀ.

9. ಮಳೆ ಮತ್ತು ಕಾಡಿನ ಬೆಳಕು

9.1. ತೂಕವೊಂದನ್ನೇ ನೋಡಿದರೆ ‘ಆ’ ಜೋಡಣೆ ‘ಇ’ ಜೋಡಣೆಗಿಂತ ಮೇಲು. ಆದರೆ 12-100ಕ್ಕೆ ಸೀಲುಗಳಿವೆ, ಲೆನ್ಸ್ ಬದಲಿಸುವ ಪ್ರಮೇಯವಿಲ್ಲ. ‘ಆ’ ಜೋಡಣೆಯ 40-150 ಆರ್‌ಗೂ ಅ ಜೋಡಣೆಯ ಮೂರು ಲೆನ್ಸ್‌ಗಳಿಗೂ ಸೀಲುಗಳಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮಘಟ್ಟದ ಆಗುಂಬೆ, ಕುದುರೆಮುಖ, ಕೊಡಗಿನ ಕಡೆ ಹೋಗುವವರಿಗೆ ಈ ವ್ಯತ್ಯಾಸ 117 ಗ್ರಾಂಗಿಂತ ಮಹತ್ವದ್ದಾಗಬಹುದು. ಡಿಸೆಂಬರ್‌ನ ಒಣ ಹವೆಯಲ್ಲಿ ಅದು ಬಹುಮಟ್ಟಿಗೆ ಗೌಣ.

9.2. ಒಎಂ-5 ಮತ್ತು 40-150 ಎಫ್/4ಕ್ಕೆ ಐಪಿ53 ದರ್ಜೆಯಿದೆ. ಇದರಲ್ಲಿ 3 ಎಂಬ ಅಂಕಿ ಲಂಬದಿಂದ 60 ಡಿಗ್ರಿವರೆಗಿನ ಓರೆಯಲ್ಲಿ ಬೀಳುವ ನೀರಿನ ಸಿಂಪಡಣೆಗೆ ಸಂಬಂಧಿಸಿದ್ದು. ನೀರಿನಲ್ಲಿ ಮುಳುಗುವುದಕ್ಕಾಗಲಿ, ಮಳೆಯಲ್ಲಿ ಲೆನ್ಸ್ ಬದಲಿಸುವುದಕ್ಕಾಗಲಿ ಇದು ಅನ್ವಯಿಸುವುದಿಲ್ಲ.

9.3. ಕಾಡಿನ ಮೇಲ್ಛಾವಣಿಯ ಕೆಳಗಿನ ಮಂದ ಬೆಳಕಿನಲ್ಲಿ ನಿಶ್ಚಲ ವಸ್ತುಗಳಿಗೆ ಕಂಪನ ನಿಯಂತ್ರಣ ಸಾಕಾಗಬಹುದು. ಒಎಂ-5ರ ಕ್ಯಾಮೆರಾದೊಳಗಿನ ನಿಯಂತ್ರಣವೊಂದಕ್ಕೇ ತಯಾರಕರು ಕೊಟ್ಟಿರುವ ಗರಿಷ್ಠ ಅಂಕಿ 6.5 ಸ್ಟಾಪ್. ಚಲಿಸುವ ಹಕ್ಕಿ ಅಥವಾ ಪ್ರಾಣಿಗೆ ಇದು ನೆರವಾಗುವುದಿಲ್ಲ. ಅಲ್ಲಿ ಬೇಕಾದದ್ದು ರಂಧ್ರವೇ. ಹೆಚ್ಚುವರಿ ರಂಧ್ರವನ್ನು ಟೆಲಿಯ ಬದಲು ಸ್ಥಿರ ಸಂಗಮದೂರದ ಚಿಕ್ಕ ಲೆನ್ಸ್‌ನಿಂದ ಪಡೆದರೆ ಹೊರೆ ಅತ್ಯಲ್ಪ. ಒಲಿಂಪಸ್ 45 ಮಿ.ಮೀ. ಎಫ್/1.8 (2011) 116 ಗ್ರಾಂ. ಅದರ ರಂಧ್ರ 25 ಮಿ.ಮೀ., ಅಂದರೆ 561 ಗ್ರಾಂನ 12-100ರ ಟೆಲಿ ತುದಿಯ ರಂಧ್ರದಷ್ಟೇ.

10. ನಿರ್ಣಯ

ಪರಿಶೀಲಿಸಿದ ಲೆನ್ಸ್‌ಗಳ ಮಿತಿಯೊಳಗೆ ಈ ಕೆಳಗಿನ ಮಾತುಗಳನ್ನು ಹೇಳಬಹುದು. ಚಾರಣದ ಜೋಡಣೆಯ ತೂಕವನ್ನು ಸೆನ್ಸರ್‌ಗಿಂತ ಹೆಚ್ಚಾಗಿ ನಿರ್ಧರಿಸುವುದು ಟೆಲಿ ತುದಿಯ ಪ್ರವೇಶರಂಧ್ರ. 40-150 ಮಿ.ಮೀ. ವ್ಯಾಪ್ತಿಯ ಮೂರು ಲೆನ್ಸ್‌ಗಳಲ್ಲಿ ತೂಕ ಆ ರಂಧ್ರದ ವರ್ಗಕ್ಕೆ ಅನುಗುಣವಾಗಿದೆ. ಇತರ ಟೆಲಿಗಳಲ್ಲಿ ಪ್ರವೃತ್ತಿ ಅದೇ ದಿಕ್ಕಿನದಾದರೂ ಅನುಪಾತ 0.18ರಿಂದ 0.42ರವರೆಗೆ ಹರಡಿದೆ. ಆಯ್ಕೆಯ ಕ್ರಮವೂ ಇದರಿಂದ ಹೊರಡುತ್ತದೆ: ಮೊದಲು ಟೆಲಿಗೆ ಎಷ್ಟು ರಂಧ್ರ ಬೇಕೆಂದು ತೀರ್ಮಾನಿಸಬೇಕು, ನಂತರ ಸೀಲುಗಳ ಅಗತ್ಯ ನೋಡಬೇಕು, ಕ್ಯಾಮೆರಾದ ಆಯ್ಕೆ ಆಮೇಲಿನದು. ಚಲಿಸುವ ಜೀವಿಗಳು ಉದ್ದೇಶವಲ್ಲದ ಒಣ ಋತುವಿನ ಚಾರಣಕ್ಕೆ 858 ಗ್ರಾಂನ ‘ಆ’ ಜೋಡಣೆ ಸಾಕು. ಮಳೆಗಾಲಕ್ಕೆ 975 ಗ್ರಾಂನ ‘ಇ’ ಅಥವಾ 1,050 ಗ್ರಾಂನ ‘ಈ’ ಜೋಡಣೆ ಸೂಕ್ತ.